ಬಸುರಿಯ ಪಥ್ಯ

ಮೂರು ತುಂಬಿದರೂ ಮಾತು ಬಾರದ ಮೊಮ್ಮಗುವನ್ನು ಚೆನ್ನಾಜಮ್ಮ ಡಾಕ್ಟರಮ್ಮನ ಮುಂದೆ ಕೂರಿಸಿದರು. ಡಾಕ್ಟರಮ್ಮ ಮಗುವಿನ ಪುಟ್ಟ ತಲೆಯನ್ನು ಅಳೆದು, ಮುಖವನ್ನು ದಿಟ್ಟಿಸಿ, ಪಕ್ಕದಲ್ಲಿದ್ದ ಚೆನ್ನಾಜಮ್ಮನ ಸೊಸೆಯತ್ತ ತಿರುಗಿದರು.

“ಬಸುರಿದ್ದಾಗ ಡ್ರಿಂಕ್ಸ್ ಏನಾದ್ರೂ ತಗೋತಿದ್ದೆಯೇನಮ್ಮಾ?”

ಚೆನ್ನಾಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸೊಸೆ ಉಸಿರೆತ್ತುವ ಮೊದಲೇ ಅಡ್ಡಬಾಯಿ ಹಾಕಿದರು.

“ಮರ್ಯಾದಸ್ಥರ ಮನೆ ಕಣ್ರೀ ನಮ್ದು! ಪರಂಗಿಹಣ್ಣು ಮುಟ್ಟಿಸ್ಲಿಲ್ಲ, ಗ್ರಹಣದಲ್ಲಿ ಹೊಸ್ತಿಲು ದಾಟಿಸ್ಲಿಲ್ಲ. ಅಪ್ಪನ ಕುಡಿತದ ಗಾಳಿ ಹೊಟ್ಟೇಲಿರೋ ಕೂಸಿಗೆ ಸೋಕಬಾರ್ದು ಅಂತ, ಮಗ ತಂದಿಟ್ಟ ಬ್ರಾಂದಿ ಬಾಟ್ಲಿಗಳನ್ನೆಲ್ಲ ಕಿತ್ಕೊಂಡೆ.”

“ಒಳ್ಳೇದು ಮಾಡಿದ್ರಿ. ಚೆಲ್ಲಿಬಿಟ್ರಾ?”

“ಚೆಲ್ತಾರೇನ್ರೀ ಯಾರಾದ್ರೂ? ಥಂಡಿ ಆಗ್ದೇ ಇರ್ಲಿ ಅಂತ, ದಿನಾ ಬಿಸಿ ಹಾಲಿಗೆ ಬೆರೆಸಿ ಇವಳಿಗೇ ಕುಡಿಸಿ ಖಾಲಿ ಮಾಡ್ದೆ.”