ಮೈನಸ್ ಇಪ್ಪತ್ತರಲ್ಲಿ ಇಪ್ಪತ್ತು ನಿಮಿಷ

ಎರಡು ದಿನ ಕೂತು ತುಂಬಿದ್ದ ಚೀಲವನ್ನು ಸೋದರತ್ತೆ ಒಂದೇ ಏಟಿಗೆ ತಮ್ಮ ಕೆಲಸದ ಜಾಗದ ಊಟದ ಮೇಜಿನ ಮೇಲೆ ಸುರಿದುಬಿಟ್ಟರು. ಹುಡುಗಿಗೆ ಮೈಯೆಲ್ಲ ಉರಿಯಿತು. ನಾಳೆ ಬೆಳಿಗ್ಗೆಯೇ ಬಸ್ಸು. ಹಿಮದ ಬೆಟ್ಟದಲ್ಲಿ ನಾಲ್ಕು ದಿನ ಟೆಂಟಿನ ವಾಸ. ಅಮ್ಮನದು ಮಾತ್ರ ಒಂದೇ ಹಟ: "ನಿಮ್ಮತ್ತೆ ಹೂಂ ಅಂದ್ರೆ ಹೋಗು, ಇಲ್ಲಾಂದ್ರೆ ಆ ಚೀಲ ಅಟ್ಟಕ್ಕೆ ಹಾಕು." ಅತ್ತೆಯೋ ಹಿಮವನ್ನೇ ಕಂಡವರಲ್ಲ. ಇಪ್ಪತ್ತೆರಡು ವರ್ಷದಿಂದ ಈ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಬೆಟ್ಟದ ವಿಷಯ ಇವರಿಗೇನು ಗೊತ್ತು!

"ಜೀನ್ಸ್ ಯಾಕೆ? ಒದ್ದೆಯಾದ್ರೆ ಹಲಗೆ ಆಗುತ್ತೆ. ಹತ್ತಿ ಬನಿಯನ್ನು ನಾಲ್ಕಾ? ಬೆವರು ಕುಡ್ಕೊಂಡು ಕೂತು ಆಮೇಲೆ ಮೈನೇ ತಣ್ಣಗೆ ಮಾಡುತ್ತೆ. ತೆಗಿ ಆಚೆ."

"ಅತ್ತೆ, ಎಲ್ಲಾ ವಿಡಿಯೋ ನೋಡೇ ತಗೊಂಡಿದ್ದು."

"ಓಹೋ! ಹಾಗಾದ್ರೆ ಎಲ್ಲಾ ಹಾಕ್ಕೊಂಡು ಒಳಗೆ ಬಾ. ಊಟದ ಬಿಡುವು ಇನ್ನೂ ಇದೆ. ಇಪ್ಪತ್ತು ನಿಮಿಷ ನಿಂತ್ರೆ ನಾನೇ ನಿಮ್ಮಮ್ಮಂಗೆ ಫೋನ್ ಮಾಡ್ತೀನಿ."

ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಿತು. ಮೈನಸ್ ಇಪ್ಪತ್ತು. ಮೊದಲ ಉಸಿರಿಗೇ ಮೂಗಿನೊಳಗೆ ಗರಿಗರಿ. ಅಬ್ಬಾ! ಸಾಲುಸಾಲು ಪೆಟ್ಟಿಗೆಗಳ ಗೋಡೆ, ತಲೆಯ ಮೇಲೆ ತಗಡಿನ ಚಾವಣಿ, ಪೈಪುಗಳ ಮೇಲೆ ಗೇಣು ದಪ್ಪ ಬಿಳಿ ಮಂಜು, ದೀಪದ ಕೆಳಗೆ ಗಾಳಿಯೇ ಮಿನುಗುತ್ತಿತ್ತು. ಮನೆಯಿಂದ ಎರಡು ಕಿಲೋಮೀಟರಿನಲ್ಲಿ ಇಂಥದ್ದೊಂದು ಲೋಕ ಇದೆಯೆಂದು ಅತ್ತೆ ಯಾವತ್ತೂ ಹೇಳಿರಲಿಲ್ಲ. ಮನೆಯಲ್ಲಿ ಯಾರೂ ಕೇಳಿರಲೂ ಇಲ್ಲ.

ಏಳನೇ ನಿಮಿಷಕ್ಕೆ ಕಾಲಿನ ಬೆರಳು ಇದ್ದಾವೋ ಇಲ್ಲವೋ ತಿಳಿಯದಾಯಿತು. ಹುಡುಗಿ ಜಂಬ ಬಿಡದೆ ಹಲ್ಲು ಕಚ್ಚಿ ನಿಂತಳು. ಅತ್ತೆ ಮುಖ ನೋಡಿದವರೇ ಅವಳನ್ನು ಹೊರಗೆ ಎಳೆದುಕೊಂಡು ಬಂದು ಶೂ ಕಿತ್ತರು. "ಮೂರು ಜೊತೆ ಕಾಲುಚೀಲ! ರಕ್ತ ಓಡಾಡೋಕೆ ಜಾಗ ಎಲ್ಲಿಟ್ಟಿದ್ದೀಯೇ ತಾಯಿ?" ಪಾದಗಳನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. ಹೊರಗಿನ ಸೆಕೆಗೆ ಬೆವರಿ ಒದ್ದೆಯಾಗಿದ್ದ ಬನಿಯನ್ನು ಬಿಚ್ಚಿಸಿ, ತಮ್ಮ ಲಾಕರಿನಿಂದ ಹಳೆಯ ಉಣ್ಣೆ ಅಂಗಿ, ಒಂದೇ ಜೊತೆ ಉಣ್ಣೆ ಕಾಲುಚೀಲ ತೆಗೆದು ತೊಡಿಸಿದರು. ಶೂ ದಾರ ಸಡಿಲ ಕಟ್ಟಿದರು. "ಈಗ ನಡಿ."

ಈ ಸಲ ಇಪ್ಪತ್ತು ನಿಮಿಷ ಹೋಗಿದ್ದೇ ಗೊತ್ತಾಗಲಿಲ್ಲ. ಹೇಗೂ ಒಳಗೆ ಬಂದಿದ್ದಾಯ್ತಲ್ಲ ಅಂತ ಅತ್ತೆ ಪೆಟ್ಟಿಗೆ ಎತ್ತಿಡುತ್ತಲೇ ಇದ್ದರು. ಅವಸರವಿಲ್ಲ, ಏದುಸಿರಿಲ್ಲ. "ಬೆವರಲೂಬಾರದು, ಸುಮ್ನೆ ನಿಲ್ಲಲೂಬಾರದು, ಅಷ್ಟೇ ನೋಡು." ಅವರ ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು. ಮನೆಯಲ್ಲಿ ಮೂಲೆ ಹಿಡಿದು ಈರುಳ್ಳಿ ಹೆಚ್ಚುವ ಹೆಂಗಸು ಇವರೇನಾ? ಹುಡುಗಿ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ತಾನೂ ಒಂದು ಪೆಟ್ಟಿಗೆಗೆ ಕೈ ಹಾಕಿದಳು.

ಹೊರಗೆ ಬಂದು ಅತ್ತೆ ಫೋನ್ ಮಾಡಿದರು. "ಹೋಗ್ಲಿ ಬಿಡೇ, ಏನೂ ಆಗಲ್ಲ. ನಾನು ನೋಡಿದೀನಿ." ಆಮೇಲೆ ಚೀಲವನ್ನು ತಾವೇ ಮತ್ತೆ ತುಂಬಿದರು. ಜಿಪ್ ಎಳೆಯುತ್ತಾ ಅರ್ಧಕ್ಕೆ ನಿಲ್ಲಿಸಿದರು.

"ಒಂದು ಮಾತು ಕೇಳ್ಲಾ? ನಗಬಾರದು."

"ಕೇಳಿ ಅತ್ತೆ."

"ಅಲ್ಲೂ ಹೆಚ್ಚುಕಮ್ಮಿ ಇಷ್ಟೇ ಚಳಿ ಅಂತೀಯ. ಅಷ್ಟು ಚಳೀಲಿ ತಲೆ ಎತ್ತಿದ್ರೆ... ಆಕಾಶ ಕಾಣುತ್ತಾ?"