ಬೇರೆ ದೊಡ್ಡಿ

ಕಾರ್ತಿಕದ ಚಳಿ, ಕುರಿಗಳು ಮರಿ ಹಾಕುವ ಕಾಲ. ಕರಿಸಿದ್ದಪ್ಪ ಬೆಳಗಿನಿಂದ ದೊಡ್ಡಿಯಲ್ಲೇ ಇದ್ದ. ಒಂದರ ಹಿಂದೊಂದು ಕುರಿ ದಿನ ತುಂಬುವ ಮೊದಲೇ ಕಂದು ಹಾಕುತ್ತಿತ್ತು.

“ಸತ್ತ ಮರಿ, ಮಾಸು ಯಾವುದನ್ನೂ ಗಬ್ಬದ ಕುರಿ ಮೂಸಬಾರದು. ಮೂಸಿದರೆ ಅದರ ಹೊಟ್ಟೇಲಿರೋದೂ ಉಳಿಯಲ್ಲ. ಮನುಷ್ಯರನ್ನೂ ಬಿಡಲ್ಲ ಈ ರೋಗ,” ಎಂದರು ದನದ ಡಾಕ್ಟರು.

“ಗಬ್ಬದವನ್ನ ಅತ್ತ ಸುಳಿಯಾಕೆ ಬಿಡ್ತೀನಾ ಸ್ವಾಮಿ? ನನ್ನ ಮಕ್ಕಳಿದ್ದಂಗೆ ಅವು.”

ಡಾಕ್ಟರು ಹೋದ ಮೇಲೆ ಗಬ್ಬದ ಕುರಿಗಳನ್ನೆಲ್ಲ ಬೇರೆ ದೊಡ್ಡಿಗೆ ಅಟ್ಟಿದ. ನಡೆಯಲಾರದ ಒಂದನ್ನು ಎತ್ತಿಕೊಂಡೇ ಹೋಗಿ ಒಣಹುಲ್ಲಿನ ಮೇಲೆ ಮಲಗಿಸಿದ. ಆಮೇಲೆ ಗುಡಿಸಲ ಕಡೆ ತಿರುಗಿ ಕೂಗಿದ.

“ಏನವ್ವಾ, ಇನ್ನೂ ಒಲೆ ಮುಂದೇನಾ? ಹಳೇ ದೊಡ್ಡೀಲಿ ಸತ್ತ ಮರಿ ಬಿದ್ದವೆ, ಬಾಚಾಕು ಬಾ.”

“ಬಂದೆ ಮಾವಾ.”

ತುಂಬು ಬಸುರಿ ಸೊಸೆ ಮಂಕರಿ ಹಿಡಿದು ಬಂದು, ಮೊದಲ ಮರಿಯನ್ನು ಬರಿಗೈಯಲ್ಲಿ ಎತ್ತಿದಳು.