ಎದುರಿಗೇ ಕೂತು ನುಂಗಿಸಿದ ಗುಳಿಗೆ

ಸಿದ್ದಲಿಂಗವ್ವ ಕರಿಬೇವಿನ ಗಿಡದ ಬುಡವನ್ನು ಕಡ್ಡಿಯಿಂದ ಕೆದಕಿದಳು. ಮಣ್ಣು ಹಸಿಯಾಗಿತ್ತು. ಇರುವೆಗಳ ಸಾಲು ಗಾಬರಿಬಿದ್ದು ದಿಕ್ಕಾಪಾಲಾಯಿತು. ಗುಳಿಗೆ ಮಾತ್ರ ಒಂದೂ ಸಿಗಲಿಲ್ಲ.

ಸಿಗದಿದ್ದರೇನಾಯಿತು? ಸೊಸೆ ದಾನೇಶ್ವರಿ ದಿನಾ ಬೆಳಿಗ್ಗೆ ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಬಂದು, ಅತ್ತಿತ್ತ ನೋಡಿ, ಇದೇ ಗಿಡದ ಮುಂದೆ ಬಾಗುವುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಂಡಿದ್ದಳು. ನಾಲಿಗೆಯ ಕೆಳಗೆ ಇಟ್ಟುಕೊಂಡ ಗುಳಿಗೆಯನ್ನು ಇಲ್ಲಿ ಬಂದು ಉಗುಳುತ್ತಾಳೆ. ಹಸಿ ಮಣ್ಣಲ್ಲಿ ಅದು ಕರಗಿ ಹೋಗಿರಬೇಕು. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ?

ದಾನೇಶ್ವರಿ ಇಂಡಿಯಿಂದ ಸಿಂದಗಿಯ ಈ ಮನೆಗೆ ಸೊಸೆಯಾಗಿ ಬಂದವಳು. ಬಂದ ಕೆಲವೇ ತಿಂಗಳಲ್ಲಿ ಸುಸ್ತು ಶುರುವಾಯಿತು. ಮಾಳಿಗೆ ಹತ್ತಿದರೆ ಏದುಸಿರು. ತೊಗರಿಬೇಳೆ ಆರಿಸುತ್ತ ಕೂತಲ್ಲೇ ತೂಕಡಿಕೆ. ಕಾರಣಗಳಿಗೆ ಓಣಿಯಲ್ಲಿ ಕೊರತೆಯಿರಲಿಲ್ಲ. ದೃಷ್ಟಿ ಅಂದರು ಕೆಲವರು, ಮೊಬೈಲ್ ಅಂದರು ಕೆಲವರು. ಅತ್ತೆ ದುಡಿಸಿ ದುಡಿಸಿ ಹುಡುಗಿಯನ್ನು ಹಣ್ಣುಮಾಡಿದ್ದಾಳೆ ಎಂದೂ ಯಾರೋ ಅಂದರು. ಅದು ಸಿದ್ದಲಿಂಗವ್ವನ ಎದೆಗೆ ನಾಟಿತು. ಸೊಸೆಗೆ ಕಸಬರಿಗೆ ಸಹ ಮುಟ್ಟಗೊಡದ ಅತ್ತೆ ಅವಳು.

ದೃಷ್ಟಿ ತೆಗೆದಳು. ಹಾಸಿಗೆಯ ದಿಕ್ಕು ಬದಲಿಸಿದಳು. ಕಡೆಗೆ ಡಾಕ್ಟರ್ ನಸ್ರೀನ ಅವರಲ್ಲಿಗೆ ಕರೆದೊಯ್ದಳು. ನಿದ್ದೆ ಬರುತ್ತದೆಯೇ, ಮನಸ್ಸಿಗೆ ಚಿಂತೆಯೇ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತದೆಯೇ ಎಂದು ಡಾಕ್ಟರು ದಾನೇಶ್ವರಿಯನ್ನು ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟವಳು ಸಿದ್ದಲಿಂಗವ್ವ. ಥೈರಾಯ್ಡ್, ಸಕ್ಕರೆ ಎರಡೂ ಸರಿಯಿದ್ದವು. ರಕ್ತ ಕಡಿಮೆಯಿತ್ತು.

"ಈ ಕಬ್ಬಿಣಾಂಶದ ಗುಳಿಗಿ ದಿನಾ ಒಂದು. ಹೆಂಗ ತಗೋಬೇಕಂದ್ರ..." ಎಂದು ಡಾಕ್ಟರು ಬಾಯಿ ತೆರೆದರು.

"ಗುಳಿಗಿ ನುಂಗೂದು ನಮಗ ಗೊತ್ತಿಲ್ಲೇನ್ರಿ ಮೇಡಂ? ನಾ ನೋಡ್ಕೋತೇನಿ ಬಿಡ್ರಿ," ಎಂದು ಸಿದ್ದಲಿಂಗವ್ವ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೊದಮೊದಲು ಗುಣ ಕಂಡಿತು. ಮರುಪರೀಕ್ಷೆಯಲ್ಲಿ ರಕ್ತ ಏರಿತ್ತು, ದಾನೇಶ್ವರಿಯ ಕೆನ್ನೆಗೆ ಬಣ್ಣ ಬಂದಿತ್ತು. ಸಿದ್ದಲಿಂಗವ್ವ ಓಣಿಯಲ್ಲಿ ತಲೆಯೆತ್ತಿ ನಡೆದಳು. ಕರಿಬೇವಿನ ಗುಟ್ಟು ಕಣ್ಣಿಗೆ ಬಿದ್ದದ್ದು ಆಮೇಲೆ. ಅವಳಿಗೆ ಮೈಯೆಲ್ಲ ಉರಿಯಿತು. ಈಗಲೇ ಇಷ್ಟು ಗುಣವಿದ್ದರೆ, ಉಗುಳದೆ ನುಂಗಿದ್ದರೆ ಇನ್ನೆಷ್ಟಿರುತ್ತಿತ್ತು!

ಅಂದಿನಿಂದ ಕಾವಲು ಶುರುವಾಯಿತು.

"ಬಾಯಿ ತಗಿ. ನಾಲಿಗಿ ಎತ್ತು. ಹಾಂ, ಈಗ ಕುಡಿ."

ಮೇಲೆ ಕುಡಿಯಲು ಬರೀ ನೀರು ಕೊಡುವಷ್ಟು ಕಲ್ಲುಮನಸ್ಸು ಅವಳದಲ್ಲ. ಕೆನೆಹಾಲು ಹಾಕಿ, ಶುಂಠಿ ಜಜ್ಜಿ, ಸಕ್ಕರೆ ಸುರಿದು ಕುದಿಸಿದ ಅವಳ ಚಹಾಕ್ಕೆ ಓಣಿಯಲ್ಲೇ ಹೆಸರಿತ್ತು. ಮದುವೆಯಾಗಿ ಬಂದ ದಿನ ದಾನೇಶ್ವರಿ, "ಇಂಥಾ ಚಾ ನಾ ಎಂದೂ ಕುಡದಿಲ್ರಿ ಅತ್ತಿ," ಎಂದಿದ್ದಳು. ಮರುದಿನದಿಂದ ಅವಳ ಲೋಟ ದೊಡ್ಡದಾಗಿತ್ತು. ಈಗ ಆ ಲೋಟದ ತಳ ಕಾಣುವವರೆಗೂ ಸಿದ್ದಲಿಂಗವ್ವ ಎದುರಿನಿಂದ ಏಳುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಚಿಲಕ ಬಿತ್ತು.

ಆದರೂ ದಾನೇಶ್ವರಿ ಮತ್ತೆ ಬಾಡತೊಡಗಿದಳು. ರಕ್ತ ಮತ್ತೆ ಇಳಿಯಿತು. ಮಾಳಿಗೆಯ ಮೆಟ್ಟಿಲ ನಡುವೆಯೇ ಕೂತುಬಿಡುತ್ತಿದ್ದಳು. ಓಣಿಯ ಬಾಯಿ ಮತ್ತೆ ತೆರೆಯಿತು.

ಸಿದ್ದಲಿಂಗವ್ವನ ತಾಳ್ಮೆ ಮುಗಿದಿತ್ತು. ಸೊಸೆಯ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿದಳು. ಮಗ ಅನೀಲಕುಮಾರ ಅಡ್ಡ ಮಾತಾಡಲು ನೋಡಿದ, ಒಂದೇ ನೋಟಕ್ಕೆ ಸುಮ್ಮನಾದ. ಇಂಡಿಯಿಂದ ಬೀಗರು ಬಸಂತರಾಯರನ್ನು ಕರೆಸಿದಳು. ಚೀಲ, ಬೀಗರು, ಸೊಸೆ, ಮೂವರನ್ನೂ ಡಾಕ್ಟರ ಮುಂದೆ ತಂದು ಕೂಡಿಸಿದಳು.

"ಬೀಗರ ಮುಂದನ ಹೇಳ್ರಿ ಮೇಡಂ. ಈಕಿ ಗುಳಿಗಿ ಉಗುಳತಿದ್ಲು, ನಾ ಹಿಡದೇನಿ. ಈಗೂ ಏನೋ ಆಟ ಆಡಾಕತ್ತಾಳ. ಈಕಿಗಿ ನಮ್ಮ ಮನ್ಯಾಗ ಬಾಳೇವು ಮಾಡೂ ಮನಸಿಲ್ಲ. ಹಂಗ ಇದ್ರ ಅವರ ಮಗಳನ್ನ ಅವರು ಕರಕೊಂಡು ಹೋಗ್ಲಿ."

ಬಸಂತರಾಯರು ತಲೆತಗ್ಗಿಸಿದರು. ದಾನೇಶ್ವರಿಯ ಕಣ್ಣು ತುಂಬಿತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಅತ್ತೆಯನ್ನು ಅವಳು ನಿಜವಾಗಿಯೂ ಹಚ್ಚಿಕೊಂಡಿದ್ದಳು.

ಡಾಕ್ಟರು ವರದಿಗಳನ್ನೆಲ್ಲ ನೋಡಿದರು. "ಒಮ್ಮೆ ಏರೇತಿ, ಆಮ್ಯಾಲ ಇಳದೇತಿ. ನಡುವ ಏನ ಬದಲಾತು?"

"ನಾ ಕಾವಲ ಕುಂತೆ, ಅದ ಬದಲಾಗಿದ್ದು!" ಸಿದ್ದಲಿಂಗವ್ವ ಎದೆಯುಬ್ಬಿಸಿದಳು. "ಒಂದ ದಿನಾನೂ ತಪ್ಪಿಸಿಲ್ರಿ. ನನ್ನ ಕೈಯಾರೆ ಗುಳಿಗಿ ಹಾಕಿ, ಮ್ಯಾಲ ಲೋಟದ ತುಂಬ ಖಡಕ್ ಚಾ ಕುಡಸೇನಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಯವ್ವಾ, ಈ ಗುಳಿಗಿ ಮ್ಯಾಲ ಚಾ ಕುಡದ್ರ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತೂದಿಲ್ಲ. ಹಿಂದ ಮುಂದ ಎರಡ ತಾಸು ಚಾ ಮುಟ್ಟಬಾರ್ದು. ನೀರಿನ ಜೋಡಿ ನುಂಗಬೇಕು, ಇಲ್ಲಾ ಲಿಂಬಿ ಶರಬತ್ತಿನ ಜೋಡಿ. ಅವತ್ತು ನಾ ಹೇಳಾಕ ಹೊಂಟಿದ್ದು ಇದನ್ನ."

ಸಿದ್ದಲಿಂಗವ್ವ ಬಟ್ಟೆಯ ಚೀಲವನ್ನು ಮೆಲ್ಲಗೆ ತನ್ನ ಕಾಲ ಬಳಿಗೆ ಎಳೆದುಕೊಂಡು ಸೆರಗು ಮುಚ್ಚಿದಳು. ಆದರೂ ವಾದಕ್ಕೆ ಕೊನೆಯದೊಂದು ಎಳೆ ಸಿಕ್ಕಿತು.

"ಹಂಗಾರ ಮೊದಲ ರಕ್ತ ಹೆಂಗ ಏರಿತ್ರಿ? ಆಗೂ ನಾ ಇದ ಚಾ ಕೊಡತಿದ್ನೆಲಾ!"

ಈ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟವಳು ದಾನೇಶ್ವರಿ.

"ಆಗ ಗುಳಿಗಿ ಅಷ್ಟ ನುಂಗತಿದ್ನಿರಿ ಅತ್ತಿ. ನಿಮಗ ಬ್ಯಾಸರ ಆಗಬಾರ್ದಂತ, ಚಾ ಕರಿಬೇವಿಗಿ ಹಾಕತಿದ್ನಿ."